ಮೂರನೇ ಮೆಟ್ಟಿಲು: ನಮ್ಮೂರ ಹಳೇ ಶಾಲೆಯನ್ನು ಸುಣ್ಣದಲ್ಲೇ ರಿಪೇರಿ ಮಾಡಿದ ನನ್ನ ಅನುಭವ

ನಾನು ಓದುವಾಗ ನಮ್ಮ ಶಾಲೆಯ ಮುಂದೆ ಇದ್ದದ್ದು ಎರಡೇ ಮೆಟ್ಟಿಲು. ಆ ಶಾಲೆಯ ರಿಪೇರಿ ನನ್ನ ಕೈಗೆ ಬಂದು, ಅಂಗಳದ ಮಣ್ಣು ತೆಗೆಸಿದಾಗ ಕೆಳಗೆ ಮೂರನೆಯದು ಸಿಕ್ಕಿತು. ಉದ್ದನೆಯ ಒಂದೇ ಕಲ್ಲು. ಅದರ ಮೇಲೆ ಉಳಿಯಲ್ಲಿ ಕೊರೆದ ಚೌಕಾಬಾರದ ಮನೆಗಳು. ಅಡ್ಡ ಐದು, ಉದ್ದ ಐದು, ಕಟ್ಟೆ ಮನೆಗಳಿಗೆ ಇಂಟು ಗುರುತು. ಯಾವ ಕಾಲದ ಮಕ್ಕಳು ಕೂತು ಆಡಿದ್ದರೋ, ಗೀಟುಗಳ ಅಂಚು ಸವೆದು ನುಣ್ಣಗಾಗಿತ್ತು. ಬುಟ್ಟಿ ಹೊರುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ಸೆರಗಲ್ಲಿ ಮಣ್ಣು ಒರೆಸಿ ನೋಡಿದರು. ನಾನೂ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ನಾನು ಸಿವಿಲ್ ಡಿಪ್ಲೊಮಾ ಮಾಡಿದವನು. ಇಪ್ಪತ್ತು ವರ್ಷದಿಂದ ಹೊಸದುರ್ಗ ತಾಲ್ಲೂಕಿನಲ್ಲಿ ಸಣ್ಣಪುಟ್ಟ ಕಂಟ್ರಾಕ್ಟ್ ಕೆಲಸ ಮಾಡುತ್ತಿದ್ದೇನೆ. ಮನೆ, ಕಾಂಪೌಂಡು, ಚರಂಡಿ, ನೀರಿನ ಟ್ಯಾಂಕು. ನೂರು ವರ್ಷ ದಾಟಿದ ಕಟ್ಟಡಕ್ಕೆ ಕೈ ಹಾಕಿದ್ದು ಇದೇ ಮೊದಲು. ಕಲಿತದ್ದನ್ನೂ ತಪ್ಪಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಚಿತ್ರದುರ್ಗ, ದಾವಣಗೆರೆ ಕಡೆಯ ಹೋಬಳಿ ಊರುಗಳಲ್ಲಿ ಇಂಥ ಹೆಂಚಿನ ಶಾಲೆಗಳು ಇನ್ನೂ ನಿಂತಿವೆ. ಅವುಗಳ ಮುಂದೆ ಕರಣೆ ಹಿಡಿದು ನಿಲ್ಲುವವರಿಗೆ ಇದು ಉಪಯೋಗ ಆಗಲಿ ಅಂತ.

ಕಟ್ಟಡ ಹೀಗಿದೆ. ಪೂರ್ವ–ಪಶ್ಚಿಮವಾಗಿ 96 ಅಡಿ ಉದ್ದ, ಕೈಸಾಲೆ ಸೇರಿ 34 ಅಡಿ ಅಗಲ. ನಡುವೆ ದೊಡ್ಡ ಹಾಲು, ಅದರ ಎಡಬಲಕ್ಕೆ ಕೊಠಡಿಗಳು. ಮುಂದೆ ದಕ್ಷಿಣಕ್ಕೆ ಏಳು ಕಮಾನಿನ ಕೈಸಾಲೆ. ಗೋಡೆ ಎರಡು ಅಡಿ ದಪ್ಪ, ಒರಟುಗಲ್ಲಿನದು, ಒಳಗೆ ಮಣ್ಣಿನಲ್ಲಿ ಕಟ್ಟಿ ಹೊರಗೆ ಸುಣ್ಣದ ಗಾರೆ ಬಳಿದದ್ದು. ಮೂಲೆಗಳಿಗೆ ಮಾತ್ರ ಕೆತ್ತಿದ ಕಲ್ಲು. ಮೇಲೆ ತೇಗದ ತೊಲೆ, ಮಂಗಳೂರು ಹೆಂಚು. ಮೈಸೂರು ಸಂಸ್ಥಾನದ ಕಾಲದ್ದು. 1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದರಲ್ಲ, ಆಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾಯ್ದೆ ಬಂತು. ನಮ್ಮ ಶಾಲೆಯೂ ಆ ಹುಮ್ಮಸ್ಸಿನ ಕಾಲಕ್ಕೆ ಸೇರಿದ್ದು.

ಇದನ್ನು ಕಟ್ಟಿದವರಿಗೆ ಮಕ್ಕಳ ಬಗ್ಗೆ ಎಷ್ಟು ಕಾಳಜಿ ಇತ್ತು ಅನ್ನೋದು ಅಳತೆ ತೆಗೆಯುವಾಗ ಗೊತ್ತಾಯಿತು. ಎಲ್ಲಾ ಕೊಠಡಿಯಲ್ಲೂ ಕಪ್ಪು ಹಲಗೆ ಪೂರ್ವದ ಗೋಡೆಯಲ್ಲಿದೆ. ದೊಡ್ಡ ಕಿಟಕಿಗಳೆಲ್ಲ ಉತ್ತರಕ್ಕೆ. ಅಂದರೆ ಮಗು ಹಲಗೆ ಕಡೆ ಮುಖ ಮಾಡಿ ಕೂತರೆ ಬೆಳಕು ಎಡಗಡೆಯಿಂದ ಬರುತ್ತದೆ. ಬಲಗೈಯಲ್ಲಿ ಬರೆಯುವಾಗ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಉತ್ತರದ ಬೆಳಕಾದ್ದರಿಂದ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುವುದೂ ಇಲ್ಲ. ದಕ್ಷಿಣದ ಬಿಸಿಲನ್ನು ಕೈಸಾಲೆ ತಡೆಯುತ್ತದೆ. ಪಶ್ಚಿಮದ ಗೋಡೆಗೆ ಕಿಟಕಿಯೇ ಇಲ್ಲ, ಮೇಲೆ ಒಂದು ಬೆಳಕಿಂಡಿ ಅಷ್ಟೇ. ನಮ್ಮ ಕಡೆ ಆಷಾಢದ ಗಾಳಿ ಎಂಥದ್ದು ಅಂತ ಗೊತ್ತಲ್ವಾ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವ ಸೀಮೆ ಇದು. ಆ ಗಾಳಿ ಬರೋದು ಪಶ್ಚಿಮದಿಂದ. ಅದಕ್ಕೇ ಆ ಕಡೆ ಬೆನ್ನು ಮಾಡಿ ಕೂತಿದೆ ಕಟ್ಟಡ. ಐದು ವರ್ಷ ಇದರೊಳಗೆ ಕೂತು ಓದಿದ್ದೇನೆ. ಇದ್ಯಾವುದೂ ನನಗೆ ಆಗ ಕಂಡಿರಲಿಲ್ಲ.

ನನ್ನ ಹತ್ತಿರ ಬಂದಾಗ ಕಟ್ಟಡಕ್ಕೆ 'ಶಿಥಿಲ' ಅಂತ ಹಣೆಪಟ್ಟಿ ಬಿದ್ದಿತ್ತು. ಎರಡು ಕೊಠಡಿಗೆ ಬೀಗ. ಕೆಡವಿ, ಅದೇ ಜಾಗದಲ್ಲಿ ಆರ್‌ಸಿಸಿ ಕೊಠಡಿ ಕಟ್ಟೋಣ ಅನ್ನುವ ಮಾತು ಊರಲ್ಲಿ ಗಟ್ಟಿಯಾಗಿತ್ತು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಮಕ್ಕಳ ತಲೆ ಮೇಲೆ ಹೆಂಚು ಬಿದ್ದರೆ ಯಾರು ಜವಾಬ್ದಾರಿ? ಮುಖ್ಯೋಪಾಧ್ಯಾಯಿನಿ ಒಬ್ಬರೇ ಸುಮ್ನೆ ಕೂರಲಿಲ್ಲ. ನನ್ನನ್ನು ಕರೆಸಿ, "ನೀವು ಇಲ್ಲೇ ಓದಿದವರು. ಕೆಡವಲೇಬೇಕಾ, ಬೇಡವಾ, ಅಷ್ಟು ಹೇಳಿ ಸರ್. ಆಮೇಲಿನದು ಆಮೇಲೆ" ಅಂದರು. ನಾನು ಮೂರು ತಿಂಗಳು ಟೈಮ್ ಕೇಳಿದೆ. ಮಳೆಗಾಲ ಒಂದು ದಾಟಲಿ ಅಂತ.

ಮೊದಲು ಅಳತೆ. ಟೇಪು, ತೂಗುಗುಂಡು, ನೀರು ತುಂಬಿದ ಪೈಪು, ಇಷ್ಟೇ ಸಾಮಾನು. ಪ್ರತಿ ಕೊಠಡಿಯ ಮೂಲೆಯಿಂದ ಮೂಲೆಗೆ ಕರ್ಣ ಅಳೆದೆ. ಪ್ರತಿ ಗೋಡೆಗೂ ತೂಗುಗುಂಡು ಬಿಟ್ಟೆ. ವಾಲಿದೆ ಅಂತ ಎಲ್ಲರೂ ಹೇಳುತ್ತಿದ್ದ ಉತ್ತರದ ಗೋಡೆ ವಾಲಿಯೇ ಇರಲಿಲ್ಲ. ಅದು ಬುಡದಲ್ಲಿ ದಪ್ಪ, ಮೇಲೆ ಹೋದಂತೆ ತೆಳು. ಬೇಕಂತಲೇ ಹಾಗೆ ಕಟ್ಟಿದ್ದು. ಒಳಗಿನ ಮುಖ ನೆಟ್ಟಗೆ ಇತ್ತು.

ಬಿರುಕುಗಳು ಹನ್ನೊಂದು. ಪ್ರತಿ ಬಿರುಕಿನ ಮೇಲೂ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಸಣ್ಣ ಪಟ್ಟಿ ಮೆತ್ತಿ, ಮೇಲೆ ತಾರೀಕು ಬರೆದೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಆ ಪಟ್ಟಿ ಒಡೆಯುತ್ತದೆ. ಸರಿದು ಮುಗಿದ ಹಳೇ ಬಿರುಕಾದರೆ ಪಟ್ಟಿ ಹಾಗೇ ಇರುತ್ತದೆ. ನಮ್ಮ ಕಡೆ ಮಳೆ ಕಡಿಮೆ, ಬಂದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜೋರು. ಆ ಎರಡು ತಿಂಗಳು ವಾರಕ್ಕೊಮ್ಮೆ ಹೋಗಿ ನೋಡಿದೆ. ಹನ್ನೊಂದರಲ್ಲಿ ಒಡೆದದ್ದು ಒಂದೇ ಪಟ್ಟಿ. ನೈಋತ್ಯದ ಮೂಲೆಯದು. ಅಲ್ಲೇ ಕೈಸಾಲೆಯ ಕೊನೇ ಕಮಾನು, ಅಲ್ಲೇ ನಲ್ಲಿ, ಅಲ್ಲೇ ಮಕ್ಕಳು ಊಟದ ತಟ್ಟೆ ತೊಳೆಯೋದು. ನೀರು ಹೋಗಲು ಚರಂಡಿ ಇರಲಿಲ್ಲ. ವರ್ಷಗಟ್ಟಲೆ ಪಾಯಕ್ಕೇ ಇಳಿಯುತ್ತಿತ್ತು.

ಆ ಒಂದು ಪಟ್ಟಿ ಇಡೀ ಕೆಲಸದ ದಾರಿ ತೋರಿಸಿತು. ಕಟ್ಟಡಕ್ಕೆ ವಯಸ್ಸಾಗಿದೆ ಅನ್ನೋದಲ್ಲ ವಿಷಯ. ನೀರು ಎಲ್ಲಿಂದ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ, ಯಾಕೆ ಹೊರಗೆ ಹೋಗುತ್ತಿಲ್ಲ, ಇದು ವಿಷಯ. ದುರ್ಗದ ಕೋಟೆ ನೋಡಿದವರಿಗೆ ಇದು ಹೊಸದಲ್ಲ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ–ತಂಗಿ ಹೊಂಡಕ್ಕೆ, ಅಲ್ಲಿಂದ ಮುಂದೆ ಹರಿದು ಊರೊಳಗಿನ ಸಂತೆ ಹೊಂಡಕ್ಕೆ. ಅಷ್ಟು ಬಂಡೆಗಳ ನಡುವೆ ಒಂದು ಹನಿಗೂ ದಾರಿ ಮಾಡಿಕೊಟ್ಟಿದ್ದಾರೆ. ನಾವು ಒಂದು ಶಾಲೆಯ ನಲ್ಲಿ ನೀರಿಗೆ ದಾರಿ ಮಾಡಿರಲಿಲ್ಲ.

ಎರಡನೇ ರೋಗ ಅದಕ್ಕಿಂತ ದೊಡ್ಡದು. ಸಿಮೆಂಟು. ಹಿಂದೆ ಯಾವಾಗಲೋ ಒಳ್ಳೇ ಮನಸ್ಸಿನಿಂದಲೇ ಯಾರೋ ಗೋಡೆಯ ಬುಡಕ್ಕೆ ನಾಲ್ಕು ಅಡಿ ಎತ್ತರದವರೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಒಳಗೂ ಹೊರಗೂ. ಜೊತೆಗೆ ಅಂಗಳಕ್ಕೆ ಮಣ್ಣು ತುಂಬಿಸಿ, ಅದರ ಮೇಲೆ ಕಾಂಕ್ರೀಟು. ಹಾಗಾಗಿ ಅಂಗಳ ಒಂದು ಅಡಿಗಿಂತ ಜಾಸ್ತಿ ಮೇಲೆದ್ದಿತ್ತು. ಪಾಯದ ಕಲ್ಲು ಮಣ್ಣಲ್ಲಿ ಹೂತಿತ್ತು. ಮೂರನೇ ಮೆಟ್ಟಿಲು ಹೋದದ್ದೂ ಹೀಗೇ.

ಕಲ್ಲು–ಮಣ್ಣಿನ ಗೋಡೆ ನೆಲದಿಂದ ಸ್ವಲ್ಪ ತೇವ ಎಳೆದೇ ಎಳೆಯುತ್ತದೆ. ಸುಣ್ಣದ ಗಾರೆ ಇದ್ದರೆ ಆ ತೇವ ಗಾರೆಯ ಸಣ್ಣ ರಂಧ್ರಗಳಿಂದ ಆರಿ ಹೋಗುತ್ತದೆ. ಸಿಮೆಂಟು ಅದಕ್ಕೆ ಬಾಗಿಲು ಹಾಕಿಬಿಡುತ್ತದೆ. ತೇವ ಒಳಗೇ ಏರಿ, ಸಿಮೆಂಟು ಮುಗಿಯುವ ಜಾಗದಲ್ಲಿ ಹೊರಗೆ ಬರುತ್ತದೆ. ನಮ್ಮ ಶಾಲೆಯಲ್ಲಿ ಸರಿಯಾಗಿ ನಾಲ್ಕು ಅಡಿ ಎತ್ತರದಲ್ಲಿ, ಗೀಟು ಎಳೆದ ಹಾಗೆ, ಬಿಳೀ ಉಪ್ಪು ಬಿಟ್ಟುಕೊಂಡಿತ್ತು. ಬೆರಳಲ್ಲಿ ಉಜ್ಜಿದರೆ ಹಳೇ ಗಾರೆ ಹಿಟ್ಟಿನಂತೆ ಉದುರುತ್ತಿತ್ತು. ಸಿಮೆಂಟಿನ ಮೇಲೆ ಸುತ್ತಿಗೆ ಹಿಡಿಯಿಂದ ತಟ್ಟಿದರೆ ಟೊಳ್ಳು ಸದ್ದು. ಒಂದು ಹಲಗೆಯಷ್ಟು ಕಿತ್ತು ನೋಡಿದೆವು. ಹಿಂದಿನ ಮಣ್ಣು ಕೈಯಲ್ಲಿ ಹಿಂಡಿದರೆ ಉಂಡೆ ಕಟ್ಟುವಷ್ಟು ಹಸಿ. ಅದು ಏಪ್ರಿಲ್ ತಿಂಗಳು, ಮಳೆ ಬಿದ್ದು ಆರು ತಿಂಗಳಾಗಿತ್ತು.

ಆ ಹಸಿ ಮಣ್ಣಿನ ಉಂಡೆಯನ್ನೇ ಶಾಲಾಭಿವೃದ್ಧಿ ಸಮಿತಿಯ ಮೀಟಿಂಗಿಗೆ ತಗೊಂಡು ಹೋದೆ. ಮೇಜಿನ ಮೇಲೆ ಇಟ್ಟೆ. ಅಳತೆಯ ನಕ್ಷೆ ಬಿಡಿಸಿ ತೋರಿಸಿದೆ. ಗೋಡೆ ಗಟ್ಟಿಯಿದೆ, ಚಾವಣಿಯ ತೊಲೆಗಳಲ್ಲಿ ತುದಿ ಮಾತ್ರ ಹಾಳಾಗಿದೆ, ರೋಗ ನೀರಿನದು ಅಂದೆ. "ಸುಣ್ಣದಲ್ಲಿ ಕಟ್ಟಿದರೆ ನಿಲ್ಲುತ್ತಾ ಈಗಿನ ಕಾಲದಲ್ಲಿ?" ಅಂತ ಒಬ್ಬರು ಕೇಳಿದರು. ನಮ್ಮ ವಾಣಿವಿಲಾಸ ಸಾಗರವನ್ನು ನೆನಪಿಸಿದೆ. ಊರವರಿಗೆ ಅದು ಮಾರಿಕಣಿವೆ. 1907ರಲ್ಲಿ ಮುಗಿದ ಅಣೆಕಟ್ಟು. ಕಲ್ಲು, ಸುಣ್ಣದ ಗಾರೆ. 1933ರ ನಂತರ 2022ರಲ್ಲಿ ಕೋಡಿ ಬಿತ್ತಲ್ಲ, ಅವತ್ತು ಆ ಮೀಟಿಂಗಿನಲ್ಲಿದ್ದ ಅರ್ಧ ಜನ ಹೋಗಿ ನೋಡಿ ಬಂದಿದ್ದರು. ವೇದಾವತಿಯ ನೀರನ್ನೇ ತಡೆದು ನಿಲ್ಲಿಸಿದ ಗಾರೆ ನಮ್ಮ ಗೋಡೆಗೆ ಸಾಲದಾ ಅಂದೆ. ಮತ್ತೆ ಆ ಪ್ರಶ್ನೆ ಬರಲಿಲ್ಲ. ದುಡ್ಡಿಗೆ ಹಳೇ ವಿದ್ಯಾರ್ಥಿಗಳು ಸೇರಿದರು, ಇಲಾಖೆಯಿಂದ ರಿಪೇರಿಗೆ ಒಪ್ಪಿಗೆ ಪತ್ರ ಬಂತು. ಅದಕ್ಕೆ ಓಡಾಡಿದ್ದರ ಬಗ್ಗೆ ಬರೆಯುವಂಥದ್ದೇನಿಲ್ಲ.

ಈಗ ಕೆಲಸಕ್ಕೆ ಬರುತ್ತೇನೆ.

ಮೊದಲು ಮಾಡಿದ್ದು ಚರಂಡಿ. ನಲ್ಲಿಯನ್ನು ಕಟ್ಟಡದಿಂದ ಮೂವತ್ತು ಅಡಿ ದೂರಕ್ಕೆ ಕೊಂಡೊಯ್ದೆವು. ಆ ನೀರೆಲ್ಲ ಈಗ ತೆಂಗಿನ ಸಸಿಗಳಿಗೆ. ಆಮೇಲೆ ಅಂಗಳದ ಕಾಂಕ್ರೀಟು ಒಡೆದು, ಮಣ್ಣು ಇಳಿಸಿ, ಗೋಡೆಯಿಂದ ಹೊರಕ್ಕೆ ಇಳಿಜಾರು ಕೊಟ್ಟೆವು. ಜೆಸಿಬಿಯನ್ನು ಗೋಡೆಯಿಂದ ಹತ್ತು ಅಡಿ ದೂರವೇ ನಿಲ್ಲಿಸಿ, ಮಿಕ್ಕಿದ್ದನ್ನು ಸಲಿಕೆ, ಗುದ್ದಲಿಯಲ್ಲೇ ತೆಗೆಸಿದೆ. ಪಾಯದ ಹತ್ತಿರ ಆ ಅದುರು ಬೇಡ. ಹಾಗೆ ಮಾಡಿದ್ದಕ್ಕೇ ಮೆಟ್ಟಿಲು ಒಡೆಯದೆ ಸಿಕ್ಕಿತು.

ಸಿಮೆಂಟ್ ಗಿಲಾವನ್ನು ಪೂರ್ತಿ ಕಿತ್ತೆವು. ಬ್ರೇಕರ್ ಮೆಷಿನ್ ಬಳಸಲಿಲ್ಲ. ಉಳಿ, ಸಣ್ಣ ಸುತ್ತಿಗೆ. ಟೊಳ್ಳಾಗಿದ್ದರಿಂದ ದೊಡ್ಡ ದೊಡ್ಡ ಚಕ್ಕೆಯಾಗಿ ಬಂತು. ಕಿತ್ತ ಮೇಲೆ ಗೋಡೆಯನ್ನು ಎರಡು ತಿಂಗಳು ಹಾಗೇ ಬಿಟ್ಟೆ. ಬರೀ ಕಲ್ಲು ಕಾಣುತ್ತಿತ್ತು. ಊರವರಿಗೆ ಕೆಲಸ ನಿಂತುಹೋಯಿತು ಅನ್ನಿಸಿತು. ಗೋಡೆ ಆರಲಿಕ್ಕೆ ಬಿಡಲೇಬೇಕು. ಹಸಿ ಗೋಡೆಯ ಮೇಲೆ ಎಂಥ ಗಾರೆ ಬಳಿದರೂ ಉಪ್ಪು ಮತ್ತೆ ತಳ್ಳುತ್ತದೆ.

ಗೋಡೆ ಆರುವಷ್ಟರಲ್ಲಿ ಚಾವಣಿ ಇಳಿಸಿದೆವು. ಸುಮಾರು 6,000 ಹೆಂಚು. ಇಳಿಸುವಾಗ ಒಬ್ಬ ಹುಡುಗ ಓಡಿ ಬಂದ, "ಅಣ್ಣಾ, ಶಾಲೆ ಕಟ್ಟಿದ್ದು 1865ರಲ್ಲಿ, ಹೆಂಚಿನ ಮೇಲೇ ಬರೆದಿದೆ!" ನೋಡಿದರೆ ಬಾಸೆಲ್ ಮಿಷನ್ ಹೆಂಚು. 1865 ಅನ್ನೋದು ಅವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಅದನ್ನೇ ಗುರುತಾಗಿ ಅಚ್ಚು ಒತ್ತುತ್ತಿದ್ದರು. ಹೆಂಚು ನೋಡಿ ಕಟ್ಟಡದ ವಯಸ್ಸು ಹೇಳುವವರು ಇಲ್ಲಿ ಎಡವುತ್ತಾರೆ.

ಪ್ರತಿ ಹೆಂಚನ್ನೂ ಗೆಣ್ಣಿನಿಂದ ತಟ್ಟಿ ನೋಡಿದೆವು. ಚೆನ್ನಾಗಿದ್ದರೆ ಕಂಚಿನ ಹಾಗೆ ಠಣ್ ಅನ್ನುತ್ತದೆ. ಕೂದಲೆಳೆಯ ಬಿರುಕಿದ್ದರೂ ಸದ್ದು ಮಂಕು. ಆರಕ್ಕೆ ಒಂದರಂತೆ ಹೋಯಿತು. ಬದಲಿ ಹೆಂಚು ಹಾಕುವಾಗ ಒಂದು ಪಾಠ ಕಲಿತೆ. ಹಳೇ ಹೆಂಚಿಗೂ ಹೊಸ ಹೆಂಚಿಗೂ ಅಳತೆ ಕೂದಲೆಳೆಯಷ್ಟು ಬೇರೆ. ಬೆರೆಸಿ ಹಾಕಿದರೆ ಒಂದರ ಅಂಚಿನ ತೋಡಿಗೆ ಇನ್ನೊಂದು ಕಚ್ಚಿಕೊಳ್ಳೋದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ. ಅದಕ್ಕೆ ಹಳೆಯದನ್ನೆಲ್ಲ ಮುಂದಿನ ಇಳಿಜಾರಿಗೆ ಒಟ್ಟು ಮಾಡಿ, ಹಿಂದಿನ ಇಳಿಜಾರಿನ ಒಂದು ಭಾಗಕ್ಕೆ ಪೂರ್ತಿ ಹೊಸದು ಹಾಕಿದೆವು. ಸೂರಿನ ಎರಡು ಸಾಲು ಮತ್ತು ಪಶ್ಚಿಮದ ಅಂಚಿನ ಸಾಲನ್ನು ತಂತಿಯಿಂದ ಕೆಳಗಿನ ಮರದ ರೀಪಿಗೆ ಕಟ್ಟಿದೆವು. ಆಷಾಢದ ಗಾಳಿ ಹೆಂಚು ಎತ್ತುವುದು ಯಾವಾಗಲೂ ಅಂಚಿನಿಂದಲೇ.

ತೊಲೆಗಳನ್ನು ನೋಡಿದ ಬಡಗಿ, ಚಾಕುವನ್ನು ಮರಕ್ಕೆ ಚುಚ್ಚಿ ಚುಚ್ಚಿ ಪರೀಕ್ಷೆ ಮಾಡಿದರು. ನಡುವೆ ಚಾಕುವಿನ ಮೊನೆ ಇಳಿಯಲೇ ಇಲ್ಲ. ಗೋಡೆಯೊಳಗೆ ಕೂತ ತುದಿಯಲ್ಲಿ ಹಿಡಿಯವರೆಗೂ ಇಳಿಯಿತು. ಕೆಟ್ಟದ್ದು ಒಂದೂವರೆ, ಎರಡು ಅಡಿ ಅಷ್ಟೇ. ಅಷ್ಟನ್ನು ಓರೆಯಾಗಿ ಕತ್ತರಿಸಿ, ಹಳೇ ಮನೆಯೊಂದರಿಂದ ಬಂದ ತೇಗದ ತುಂಡನ್ನು ಕಚ್ಚು ಹಾಕಿ ಸೇರಿಸಿ, ಬೋಲ್ಟ್ ಬಿಗಿದರು. ಗೋಡೆಯೊಳಗೆ ತೊಲೆ ಕೂರುವ ಗೂಡಿನ ಸುತ್ತ ಒಂದು ಬೆರಳಷ್ಟು ಜಾಗ ಖಾಲಿ ಬಿಡಿಸಿದೆ. ಮರಕ್ಕೂ ಗಾಳಿ ಬೇಕು.

ಇಷ್ಟರಲ್ಲಿ ಸುಣ್ಣದ ಕೆಲಸ ಬಲ್ಲವರನ್ನು ಹುಡುಕುತ್ತಿದ್ದೆ. ನನ್ನ ಗಾರೆ ಕೆಲಸದವರೆಲ್ಲ ಸಿಮೆಂಟಿನವರು. ಪಕ್ಕದ ಹಳ್ಳಿಯಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರು ಸಿಕ್ಕರು. ಚಿಕ್ಕ ಹುಡುಗನಾಗಿದ್ದಾಗ ಅಪ್ಪನ ಜೊತೆ ಗಾರೆ ಅರೆಯುವ ಗಾಣದಲ್ಲಿ ಎತ್ತು ಹೊಡೆದವರು. ಬರುತ್ತೀರಾ ಅಂತ ಕೇಳಿದೆ. "ಕೈಯಲ್ಲಿ ಶಕ್ತಿ ಇಲ್ಲ ಕಣಪ್ಪ. ಕುರ್ಚಿ ಹಾಕು, ಕೂತ್ಕೊಂಡು ಹೇಳ್ತೀನಿ" ಅಂದರು. ಎರಡು ತಿಂಗಳು ದಿನಾ ಬಂದರು. ಹುಣಸೆ ಮರದ ಕೆಳಗೆ ಅವರ ಕುರ್ಚಿ.

ಸುಣ್ಣ ಅರಳಿಸಲು ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಇಟ್ಟಿಗೆ ಕಟ್ಟಿದೆವು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಬೇಕು. ಕಲ್ಲಿನ ರಾಶಿ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಕೆಲಸದವರಿಗೆಲ್ಲ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಕಡ್ಡಾಯ ಮಾಡಿದ್ದೆ. ಗುಂಡಿ ಸುತ್ತ ಬೇಲಿ, ಮಕ್ಕಳು ಬರದ ಹಾಗೆ. ಹಾಕಿದ ಎರಡು ನಿಮಿಷಕ್ಕೆ ನೀರು ಕೊತಕೊತ ಕುದಿಯಿತು. ಬೆಂಕಿಯೇ ಇಲ್ಲದೆ. ಆ ಮೇಲೆ ಕೋಲಲ್ಲಿ ತಿರುವಿ, ಜರಡಿ ಹಿಡಿದು, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟೆವು. ಒಂದು ತಿಂಗಳು. ಅಜ್ಜ ದಿನಾ ಬೆರಳು ಅದ್ದಿ ನೋಡುತ್ತಿದ್ದರು. ಬೆಣ್ಣೆ ಥರ ಆಗಬೇಕು, ಒಂದು ಹರಳೂ ಸಿಗಬಾರದು. ಅರಳದ ಹರಳು ಉಳಿದರೆ ಗೋಡೆಗೆ ಬಳಿದ ಮೇಲೆ ಅಲ್ಲಿ ಅರಳಿ, ಮೊಡವೆ ಒಡೆದಂತೆ ಸಿಡಿಯುತ್ತದೆ.

ಗಾರೆಗೆ ನಾವು ಬಳಸಿದ್ದು ಒಂದು ಪಾಲು ಸುಣ್ಣ, ಒಂದು ಪಾಲು ಇಟ್ಟಿಗೆ ಪುಡಿ, ಎರಡು ಪಾಲು ಮರಳು. ಇಟ್ಟಿಗೆ ಪುಡಿಗೆ ಸುರ್ಕಿ ಅನ್ನುತ್ತಾರೆ, ಚೆನ್ನಾಗಿ ಬೆಂದ ಇಟ್ಟಿಗೆಯದೇ ಆಗಬೇಕು. ಕಲಸಲು ಬರೀ ನೀರಲ್ಲ. ಅಳಲೆಕಾಯಿ ಜಜ್ಜಿ, ಬೆಲ್ಲದ ಜೊತೆ ನೀರಲ್ಲಿ ಹಾಕಿ, ನಾಲ್ಕೈದು ದಿನ ಇಟ್ಟು ಸೋಸಿದ ತಿಳಿ. ಹುಳಿ ವಾಸನೆ ಬರುತ್ತಿತ್ತು. ಎತ್ತಿನ ಗಾಣ ಈಗ ಎಲ್ಲಿಂದ ತರೋದು? ರುಬ್ಬುವ ಕಲ್ಲಿನ ಥರ ಎರಡು ಚಕ್ರವಿರುವ ಮೋಟಾರು ಮೆಷಿನ್ ಬಾಡಿಗೆಗೆ ತಂದೆವು. ಸಾಮಾನ್ಯ ಕಾಂಕ್ರೀಟ್ ಮಿಕ್ಸರ್ ಇದಕ್ಕೆ ಸಾಲದು. ಅದು ಬೆರೆಸುತ್ತದೆ, ಅರೆಯುವುದಿಲ್ಲ. ಅರೆದ ಗಾರೆಯನ್ನು ಅಜ್ಜ ಕರಣೆಯಲ್ಲಿ ತಗೊಂಡು ತಲೆಕೆಳಗು ಮಾಡುತ್ತಿದ್ದರು. ಬಿದ್ದರೆ "ಇನ್ನೊಂದು ಸುತ್ತು" ಅನ್ನುತ್ತಿದ್ದರು. ಬೀಳದೆ ಅಂಟಿಕೊಂಡು ನಿಂತರೆ ಮಾತಾಡದೆ ಕರಣೆಯನ್ನು ನನ್ನ ಕೈಗೆ ಕೊಡುತ್ತಿದ್ದರು.

ಗೋಡೆಯ ಸಂದಿಗಳಿಗೆ ಮೊದಲು ಚಕ್ಕೆಕಲ್ಲು ತುಂಬಿ ಬಿಗಿ ಮಾಡಿ, ಮೇಲೆ ಮೊದಲ ಪದರ ಅರ್ಧ ಇಂಚು. ಅದರ ಮೇಲೆ ಅಡ್ಡಡ್ಡ ಗೀರು. ಅದು ಎಳೆದುಕೊಂಡ ಮೇಲೆ ಎರಡನೇ ಪದರ. ಕೊನೆಗೆ ನುಣುಪು. ಸುಣ್ಣ ಗಟ್ಟಿಯಾಗುವ ರೀತಿಯೇ ಬೇರೆ. ಗೂಡಿನಲ್ಲಿ ಸುಟ್ಟಾಗ ಕಲ್ಲಿನಿಂದ ಹೊರಟುಹೋದ ಇಂಗಾಲದ ಡೈಆಕ್ಸೈಡನ್ನು ಗೋಡೆಯ ಮೇಲೆ ಕೂತು ಗಾಳಿಯಿಂದ ನಿಧಾನಕ್ಕೆ ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಅದಕ್ಕೆ ತೇವ ಬೇಕು, ಟೈಮ್ ಬೇಕು. ಬೇಗ ಒಣಗಿದರೆ ಕೆಲಸ ಕೆಟ್ಟಿತು.

ಇಲ್ಲೇ ನಾನು ತಪ್ಪಿದೆ. ಪಶ್ಚಿಮದ ಗೋಡೆಯನ್ನು ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನ ಎತ್ತಿಕೊಂಡೆ. ಆಳುಗಳು ಇದ್ದಾರೆ, ಗಾರೆ ಅರೆದಿದೆ, ಸುಮ್ನೆ ಯಾಕೆ ಬಿಡೋದು ಅಂತ. ಅಜ್ಜ ಅವತ್ತು ಬಂದಿರಲಿಲ್ಲ. ಬಿಸಿಲು, ಗಾಳಿ ಎರಡೂ ನೇರವಾಗಿ ಗೋಡೆಗೆ. ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಗೋಡೆಯೆಲ್ಲ ಬತ್ತಿದ ಕೆರೆಯ ತಳದ ಹಾಗೆ ಬಿರಿದಿತ್ತು. ಅಜ್ಜ ಬಂದು ನೋಡಿ, "ಎಳೇ ಕೂಸನ್ನ ಬಿಸಿಲಿಗೆ ಹಾಕಿದೀಯಲ್ಲಪ್ಪ" ಅಂದರು. ಅಷ್ಟೇ. ಪೂರ್ತಿ ಕೆರೆದು ಮತ್ತೆ ಮಾಡಿದೆವು. ಎರಡನೇ ಸಲ ಗೋಡೆಗೆ ಹಿಂದಿನ ದಿನವೇ ನೀರು ಕುಡಿಸಿ, ಬೆಳಿಗ್ಗೆ ಬೇಗ ಶುರು ಮಾಡಿ, ಹತ್ತು ಗಂಟೆಗೆ ನಿಲ್ಲಿಸಿ, ಮುಂದೆ ಗೋಣಿತಾಟು ಇಳಿಬಿಟ್ಟು ಹದಿನೈದು ದಿನ ತಾಟಿಗೆ ನೀರು ಚಿಮುಕಿಸಿದೆವು. ಗೋಡೆಗಲ್ಲ, ತಾಟಿಗೆ. ಒಂದು ಗೆರೆಯೂ ಬೀಳಲಿಲ್ಲ.

ನೈಋತ್ಯದ ಕಮಾನಿಗೆ ಮರದ ಅಚ್ಚು ಕೊಟ್ಟು, ನೆತ್ತಿಯ ಸಡಿಲ ಇಟ್ಟಿಗೆಗಳನ್ನು ಬಿಚ್ಚಿ, ಅವನ್ನೇ ತೊಳೆದು ಅದೇ ಕ್ರಮದಲ್ಲಿ ಮತ್ತೆ ಕೂರಿಸಿದೆವು. ಅಚ್ಚನ್ನು ತಿಂಗಳು ಬಿಟ್ಟು ತೆಗೆದದ್ದು. ತೆಗೆಯುವ ದಿನ ನಾನೇ ಕೆಳಗೆ ನಿಂತಿದ್ದೆ.

ಇನ್ನೊಂದು ವಿಷಯ ಹೇಳಲೇಬೇಕು. ಹಾಲಿನ ಪೂರ್ವದ ಗೋಡೆಯಲ್ಲಿ ಹಳೇ ಸುಣ್ಣಬಣ್ಣದ ಪದರಗಳನ್ನು ಕೆರೆಯುತ್ತಿದ್ದೆವು. ಮೇಲೆ ಡಿಸ್ಟೆಂಪರು, ಕೆಳಗೆ ನೀಲಿ, ಅದರ ಕೆಳಗೆ ಹಳದಿ, ಮತ್ತೆ ಬಿಳಿ, ಬಿಳಿ, ಬಿಳಿ. ಕೆಲಸ ಮಾಡುತ್ತಿದ್ದ ಹೆಣ್ಣುಮಗಳು ಕೈ ನಿಲ್ಲಿಸಿ, "ಅಣ್ಣ, ಇಲ್ಲಿ ಕೆಂಪು ಗೆರೆ ಐತೆ" ಅಂದಳು. ಲೋಹದ ಪಟ್ಟಿ ಬಿಟ್ಟು ಬಿದಿರಿನ ಚೂರು ಹಿಡಿದು ಮೆಲ್ಲಗೆ ಕೆರೆದೆವು. ಎರಡು ದಿನ ಹಿಡಿಯಿತು. ಕಾವಿ ಮಣ್ಣಿನ ಕೆಂಪಿನಲ್ಲಿ ಗಡಿ, ಕಪ್ಪಿನಲ್ಲಿ ಅಕ್ಷರ. ಮೈಸೂರು ಸಂಸ್ಥಾನದ ನಕ್ಷೆ. ಯಾರೋ ಮೇಷ್ಟ್ರು ಗೋಡೆಯ ಮೇಲೇ ಬರೆದದ್ದು. ಜಿಲ್ಲೆ ಎಣಿಸಿದೆ. ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಹಾಸನ, ಶಿವಮೊಗ್ಗ, ಕಡೂರು, ಚಿತ್ರದುರ್ಗ. ಎಂಟೇ. ಮಂಡ್ಯ ಇಲ್ಲ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅಂದರೆ ಈ ನಕ್ಷೆ ಅದಕ್ಕೂ ಹಿಂದಿನದು. ಈಗಿನ ಚಿಕ್ಕಮಗಳೂರು ಜಿಲ್ಲೆ ಆಗ ಕಡೂರು ಜಿಲ್ಲೆ. ದಾವಣಗೆರೆ ಚಿತ್ರದುರ್ಗದೊಳಗೆ ಒಂದು ಚುಕ್ಕೆ. ಅದು ಬೇರೆ ಜಿಲ್ಲೆಯಾಗಲು 1997 ಬರಬೇಕಿತ್ತು. ಹೆಂಚು ಹೇಳದ ಕಾಲವನ್ನು ಈ ನಕ್ಷೆ ಹೇಳಿತು.

ಕೆಲವರು ಬಣ್ಣ ತುಂಬಿಸೋಣ ಅಂದರು. ನಾನು ಒಪ್ಪಲಿಲ್ಲ. ಸುಣ್ಣದ ತಿಳಿನೀರನ್ನು ಹಲವು ಸಲ ಸಿಂಪಡಿಸಿ, ಉದುರುತ್ತಿದ್ದ ಅಂಚನ್ನು ಗಟ್ಟಿ ಮಾಡಿ, ಸುತ್ತ ಹೊಸ ಗಾರೆಯನ್ನು ಒಂದು ಕೂದಲು ಕೆಳಗೆ ನಿಲ್ಲಿಸಿದೆವು, ಯಾವುದು ಹಳೆಯದು ಯಾವುದು ಹೊಸದು ಕಣ್ಣಿಗೆ ಕಾಣುವಂತೆ. ಅಳಿಸಿಹೋದ ಕಡೆ ಅಳಿಸಿಯೇ ಇದೆ. ಐದನೇ ಕ್ಲಾಸಿನ ಮಕ್ಕಳು ಈಗ ಅದರ ಮುಂದೆ ನಿಂತು ಇಲ್ಲದ ಜಿಲ್ಲೆಗಳನ್ನು ಹುಡುಕುತ್ತಾರೆ.

ಕಪ್ಪು ಹಲಗೆಗಳೂ ಗೋಡೆಯದೇ ಭಾಗ, ಗಾರೆಯ ಮೇಲೆ ಮಸಿ ಹಚ್ಚಿ ಉಜ್ಜಿದ್ದು. ನಾವು ಓದುವಾಗ ಶನಿವಾರ ಇದ್ದಿಲು, ತೊಂಡೆ ಎಲೆ ಅರೆದು ಬಳಿಯುತ್ತಿದ್ದೆವು. ಅವನ್ನು ಮುಟ್ಟಲಿಲ್ಲ. ಎರಡು ಕಡೆ ಚಕ್ಕೆ ಎದ್ದಿದ್ದನ್ನು ಮಾತ್ರ ಮೆತ್ತಿದೆವು.

ಬೆಳಕಿಂಡಿಗಳಿಗೆ ಹಗ್ಗ ಕಟ್ಟಿಸಿದ್ದು ಸಣ್ಣ ಕೆಲಸ, ಆದರೆ ಅದರಿಂದಾದ ಲಾಭ ಜಾಸ್ತಿ. ಅವು ನಡುವಿನ ಕೀಲಿನ ಮೇಲೆ ತಿರುಗುವ ಮರದ ಪಲಕಗಳು. ಪೇಂಟು ಮೆತ್ತಿ ಎಲ್ಲವೂ ಅಂಟಿಕೊಂಡಿದ್ದವು. ಬಿಡಿಸಿ, ಕೀಲಿಗೆ ಎಣ್ಣೆ ಬಿಟ್ಟು, ತೆಂಗಿನ ನಾರಿನ ಹಗ್ಗ ಇಳಿಬಿಟ್ಟೆವು. ಬೇಸಿಗೆಯಲ್ಲಿ ಮೇಲಿನ ಬಿಸಿ ಗಾಳಿ ಅಲ್ಲಿಂದ ಹೊರಗೆ, ಕೈಸಾಲೆಯ ನೆರಳಿನ ಗಾಳಿ ಬಾಗಿಲಿಂದ ಒಳಗೆ. ಏಪ್ರಿಲ್‌ನಲ್ಲಿ ಪಕ್ಕದ ಆರ್‌ಸಿಸಿ ಕೊಠಡಿಯ ಮಕ್ಕಳನ್ನೂ ಮಧ್ಯಾಹ್ನ ಇಲ್ಲಿಗೇ ಕೂರಿಸುತ್ತಾರೆ.

ಕೆಲಸ ಮುಗಿದದ್ದು ಆಗಸ್ಟ್‌ನಲ್ಲಿ. ಸಿಮೆಂಟಿಗಿಂತ ದಿನ ಮೂರರಷ್ಟು ಹಿಡಿಯಿತು. ಖರ್ಚು ಹೋದದ್ದು ಸಾಮಾನಿಗಿಂತ ಕೂಲಿಗೇ ಜಾಸ್ತಿ. ನನ್ನ ಮೂವರು ಗಾರೆ ಕೆಲಸದ ಹುಡುಗರು ಸುಣ್ಣ ಕಲಿತರು. ಇಬ್ಬರಿಗೆ ಆಮೇಲೆ ಒಂದು ಹಳೇ ದೇವಸ್ಥಾನದ ಕೆಲಸ ಸಿಕ್ಕಿತು. ಅವರನ್ನು ಒಂದು ಭಾನುವಾರ ಸಂತೆಬೆನ್ನೂರಿನ ಪುಷ್ಕರಣಿಗೆ ಕರಕೊಂಡು ಹೋಗಿದ್ದೆ. ನೀರಿನ ನಡುವೆ ನಿಂತ ವಸಂತ ಮಂಟಪ, ಅದರ ಕಮಾನು, ಮೇಲಿನ ಗಾರೆ ಕೆಲಸ. ಹನುಮಪ್ಪ ನಾಯಕನ ಕಾಲದ್ದು, ಹದಿನಾರನೇ ಶತಮಾನ. ಒಬ್ಬ ಹುಡುಗ ಮೆಟ್ಟಿಲ ಮೇಲೆ ಕೂತು ಎಷ್ಟೋ ಹೊತ್ತು ಆ ಕಮಾನನ್ನೇ ನೋಡುತ್ತಿದ್ದ.

ಸೆಪ್ಟೆಂಬರಿನ ಮೊದಲ ದೊಡ್ಡ ಮಳೆ ರಾತ್ರಿ ಬಂತು. ಟಾರ್ಚ್ ಹಿಡಿದು ಹೋದೆ. ಮುಖ್ಯೋಪಾಧ್ಯಾಯಿನಿ ಅಷ್ಟೊತ್ತಿಗೇ ಬೀಗ ತೆಗೆದು ಒಳಗೆ ನಿಂತಿದ್ದರು. ಇಬ್ಬರೂ ಕೊಠಡಿ ಕೊಠಡಿ ಸುತ್ತಿದೆವು. ಕೈಸಾಲೆಯ ಚಾವಣಿ ದೊಡ್ಡ ಚಾವಣಿಗೆ ಸೇರುವ ಜಾಗದಲ್ಲಿ ಒಂದು ಕಡೆ ಹನಿ ಬೀಳುತ್ತಿತ್ತು. ತಗಡು ಎರಡು ಇಂಚು ಕಡಿಮೆ ಬಿದ್ದಿತ್ತು, ಮಾರನೇ ದಿನ ಸರಿ ಮಾಡಿದೆ. ಮಿಕ್ಕಿದ್ದೆಲ್ಲ ಒಣ. ನೈಋತ್ಯದ ಮೂಲೆಯಲ್ಲಿ ಹೊಸದಾಗಿ ಮೆತ್ತಿದ್ದ ಪಟ್ಟಿ ಒಡೆದಿರಲಿಲ್ಲ. ಗೋಡೆಯ ಬುಡಕ್ಕೆ ಅಂಗೈ ಒತ್ತಿ ಹಿಡಿದೆ. ತಣ್ಣಗಿತ್ತು, ಹಸಿ ಇರಲಿಲ್ಲ.

ಅಂಗಳದ ಮೂಲೆಯ ಗುಂಡಿಯಲ್ಲಿ ಸುಣ್ಣ ಇನ್ನೂ ಉಳಿದಿದೆ. ಮೇಲೆ ಕಲ್ಲು ಚಪ್ಪಡಿ ಮುಚ್ಚಿ ಬೀಗ ಹಾಕಿದ್ದೇವೆ. ನೀರಿನಡಿ ಇದ್ದಷ್ಟು ಕಾಲ ಅದು ಕೆಡುವುದಿಲ್ಲ, ಇನ್ನೂ ನಯವಾಗುತ್ತದೆ. ಪ್ರತಿ ಬೇಸಿಗೆ ರಜೆಯಲ್ಲಿ ಅದನ್ನೇ ತೆಳ್ಳಗೆ ಕಲಸಿ ಗೋಡೆಗೆ ಬಳಿಯೋದು. ಮೊನ್ನೆ ಶಾಲೆಯಿಂದ ಫೋನ್ ಬಂತು. "ಸರ್, ಗುಂಡಿಯಲ್ಲಿ ನೀರು ಇಳಿದಿತ್ತು. ಎರಡು ಕೊಡ ಹಾಕಿಸಿದ್ದೀನಿ, ಸಾಕಾ?" ಸಾಕು ಮೇಡಂ, ಸುಣ್ಣದ ಮೇಲೆ ನಾಲ್ಕು ಬೆರಳು ನಿಂತರೆ ಸಾಕು ಅಂದೆ.